ಸಾಲದ ಅಂಕವೂ ಅದರ ಅಧಿಕಾರವೂ

ಈಚೆಗೆ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದು ಬಹಳ ಹೊತ್ತು ಮಾತಿಲ್ಲದೆ ಕುಳಿತಿದ್ದನು. ಕಾರಣವನ್ನು ಕೇಳಲಾಗಿ, “ಮೇಷ್ಟ್ರೇ, ನೀವು ಅಂಕ ಕೊಡುತ್ತಿದ್ದಾಗ ಯಾವ ಪ್ರಶ್ನೆಗೆ ತಪ್ಪು ಬರೆದೆನೆಂಬುದು ತಿಳಿಯುತ್ತಿತ್ತು. ಈಗ ಯಾರೋ ನನಗೆ ಅಂಕ ಹಾಕಿದ್ದಾರೆ, ಪರೀಕ್ಷೆಗೆ ಕುಳಿತದ್ದು ಯಾವಾಗ ಎಂಬುದೇ ನನಗೆ ಗೊತ್ತಿಲ್ಲ” ಎಂದನು. ಮಗಳ ಮುಂದಿನ ಓದಿಗಾಗಿ ಸಾಲವನ್ನು ಕೇಳಲು ಅವನು ಒಂದು ಬ್ಯಾಂಕಿಗೆ ಹೋಗಿದ್ದನು. ಅಲ್ಲಿಯ ಅಧಿಕಾರಿಯು ಕಂಪ್ಯೂಟರನ್ನು ನೋಡಿ, ಕ್ರೆಡಿಟ್ ಸ್ಕೋರು ಸಾಲದೆಂದು ಹೇಳಿ ಕಾಗದಗಳನ್ನು ಹಿಂದಿರುಗಿಸಿದರಂತೆ. ಸ್ಕೋರು ಏಕೆ ಕಡಿಮೆಯಾಯಿತೆಂದು ಕೇಳಿದ್ದಕ್ಕೆ, ಅದು ತಮ್ಮ ಕೈಯಲ್ಲಿಲ್ಲವೆಂದು ಉತ್ತರ ಬಂದಿತಂತೆ.

ಆಯುಷ್ಯದ ಬಹುಭಾಗವನ್ನು ಮಕ್ಕಳಿಗೆ ಅಂಕ ಕೊಡುವುದರಲ್ಲಿಯೇ ಕಳೆದ ನನಗೆ ಆ ಮಾತು ಮನಸ್ಸಿನಲ್ಲಿ ನಾಟಿತು. ಇಂದು ಮನೆ ಕಟ್ಟುವವನೂ, ವಾಹನ ಕೊಳ್ಳುವವನೂ, ಅಂಗಡಿ ತೆರೆಯುವವನೂ ಈ ಮೂರಂಕಿಯ ಸಂಖ್ಯೆಗೆ ಅಂಜುತ್ತಾರೆ. ಅದನ್ನು ವಿಧಿಲಿಖಿತವೆಂದು ಭಾವಿಸುವವರೂ ಉಂಟು. ಈ ಸಂಖ್ಯೆಗೆ ಅಧಿಕಾರವು ಎಲ್ಲಿಂದ ಬಂದಿತು? ಅದು ಸಾಲಗಾರನ ಮೇಲೆ ನಿಜವಾಗಿ ಎಷ್ಟು? ಅದು ಸಾಕ್ಷಿಯೋ, ತೀರ್ಪೋ? ಇದನ್ನು ಚರಿತ್ರೆಯ ಬೆಳಕಿನಲ್ಲಿ ವಿಚಾರಿಸಿ ನೋಡುವುದು ಈ ಲೇಖನದ ಉದ್ದೇಶ.

ಸಾಲವು ಎಷ್ಟು ಪ್ರಾಚೀನವೋ ಸಾಲಗಾರನನ್ನು ತೂಗಿ ನೋಡುವ ಪ್ರಯತ್ನವೂ ಅಷ್ಟೇ ಪ್ರಾಚೀನವಾದುದು. ನಮ್ಮ ಧರ್ಮಶಾಸ್ತ್ರಕಾರರು ಹದಿನೆಂಟು ವ್ಯವಹಾರಪದಗಳನ್ನು ಎಣಿಸುವಾಗ ಋಣಾದಾನವನ್ನೇ ಮೊದಲಿಗೆ ಇಟ್ಟರು. ಕೌಟಿಲ್ಯನು ತಿಂಗಳಿಗೆ ನೂರು ಪಣಕ್ಕೆ ಒಂದೂಕಾಲು ಪಣದ ಬಡ್ಡಿಯನ್ನು ಧರ್ಮ್ಯವೆಂದು ಹೇಳಿ, ವ್ಯಾಪಾರದ ಸಾಲಕ್ಕೆ ೫, ಕಾಡುಗಳನ್ನು ದಾಟಿ ಹೋಗುವವರಿಗೆ ೧೦, ಸಮುದ್ರಯಾನ ಮಾಡುವವರಿಗೆ ೨೦ ಪಣಗಳೆಂದು ನಿಗದಿಮಾಡಿದನು. ಅಪಾಯ ಹೆಚ್ಚಿದಂತೆ ಬಡ್ಡಿಯೂ ಹೆಚ್ಚಬೇಕೆಂಬ ತತ್ತ್ವವು ಇದರಲ್ಲಿ ಸ್ಪಷ್ಟವಾಗಿದೆ. ಆದರೆ ಇನ್ನೊಂದು ಸಂಗತಿಯನ್ನೂ ಮರೆಮಾಚಬಾರದು. ಯಾಜ್ಞವಲ್ಕ್ಯಸ್ಮೃತಿಯಲ್ಲಿ ಒತ್ತೆಯಿಲ್ಲದ ಸಾಲಕ್ಕೆ ವರ್ಣಾನುಕ್ರಮದಿಂದ ತಿಂಗಳಿಗೆ ನೂರಕ್ಕೆ ೨, ೩, ೪, ೫ ಎಂದು ಬಡ್ಡಿಯು ಏರುತ್ತದೆ. ಬ್ರಾಹ್ಮಣನಿಗೆ ಎಲ್ಲಕ್ಕಿಂತ ಕಡಿಮೆ, ಶೂದ್ರನಿಗೆ ಎಲ್ಲಕ್ಕಿಂತ ಹೆಚ್ಚು. ಇದೂ ಒಂದು ಬಗೆಯ ಅಂಕವೇ. ವ್ಯತ್ಯಾಸವೇನೆಂದರೆ, ಅದು ಸಾಲಗಾರನ ನಡತೆಯಿಂದ ಬಂದುದಲ್ಲ, ಹುಟ್ಟಿನಿಂದ ಬಂದುದು. ಎಷ್ಟು ಪ್ರಾಮಾಣಿಕನಾಗಿ ಸಾಲ ತೀರಿಸಿದರೂ ಅದನ್ನು ತಿದ್ದಿಕೊಳ್ಳುವ ದಾರಿ ಇರಲಿಲ್ಲ.

ಅದೇ ಸ್ಮೃತಿಯಲ್ಲಿ ನಮ್ಮ ಪ್ರಸ್ತುತ ವಿಷಯಕ್ಕೆ ಬಹಳ ಉಪಯುಕ್ತವಾದ ಮತ್ತೊಂದು ವಿಚಾರವಿದೆ. ಪ್ರತಿಭೂ, ಅಂದರೆ ಹೊಣೆಗಾರ, ಅಲ್ಲಿ ಮೂರು ವಿಧ. ಸಾಲಗಾರನನ್ನು ಕರೆತಂದು ಒಪ್ಪಿಸುವೆನೆಂಬವನು ದರ್ಶನಪ್ರತಿಭೂ. ಇವನು ನಂಬಿಕೆಗೆ ಅರ್ಹನೆಂದು ಭರವಸೆ ಕೊಡುವವನು ಪ್ರತ್ಯಯಪ್ರತಿಭೂ. ಇವನು ಕೊಡದಿದ್ದರೆ ನಾನು ಕೊಡುವೆನೆಂಬವನು ದಾನಪ್ರತಿಭೂ. ಹನ್ನೊಂದು, ಹನ್ನೆರಡನೆಯ ಶತಮಾನಗಳ ಸಂಧಿಕಾಲದಲ್ಲಿ, ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ರಾಜಧಾನಿಯಾದ ಕಲ್ಯಾಣದಲ್ಲಿ, ಎಂದರೆ ಇಂದಿನ ನಮ್ಮ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಈ ಎರಡನೆಯವನ ಮಾತನ್ನು ಕಣ್ಣಿಗೆ ಕಟ್ಟುವಂತೆ ವಿವರಿಸಿದ್ದಾನೆ. ಅವನು ಕೊಡುವ ಭರವಸೆಗೆ ಆಧಾರವೆಂದರೆ ಸಾಲಗಾರನು ಇಂಥವನ ಮಗನೆಂಬುದು, ಅವನಿಗೆ ಫಲವತ್ತಾದ ಭೂಮಿಯುಂಟೆಂಬುದು. ಆತನ ಭರವಸೆಯು ಸುಳ್ಳಾದರೆ? ಸ್ಮೃತಿಯ ಉತ್ತರವು ನೇರವಾಗಿದೆ: ಆ ಹಣವನ್ನು ಅವನಿಂದಲೇ ಕೊಡಿಸತಕ್ಕದ್ದು. ಅವನ ಮಕ್ಕಳಿಗೆ ಆ ಭಾರವಿಲ್ಲ, ಅವನಿಗೆ ಮಾತ್ರ ಉಂಟು. ಒಬ್ಬನ ಯೋಗ್ಯತೆಯನ್ನು ಕುರಿತು ಮಾತನಾಡುವವನು ಆ ಮಾತಿಗೆ ತಾನೇ ಬಾಧ್ಯನೆಂಬುದು ಇದರ ತಿರುಳು. ವಾಚಕರು ಈ ಪ್ರತ್ಯಯಪ್ರತಿಭುವನ್ನು ನೆನಪಿನಲ್ಲಿ ಇಟ್ಟುಕೊಂಡು ಮುಂದಕ್ಕೆ ಬರಬೇಕೆಂದು ಪ್ರಾರ್ಥನೆ. ಏಕೆಂದರೆ ಈಗಿನ ಅಂಕವು ಹುಟ್ಟಿದ್ದು ನಮ್ಮ ದೇಶದಲ್ಲಲ್ಲ, ಅಮೆರಿಕಾದಲ್ಲಿ. ಅಲ್ಲಿ ಪ್ರತ್ಯಯವನ್ನು ಮಾರುವ ಹೊಸದೊಂದು ಉದ್ಯೋಗವೇ ತಲೆಯೆತ್ತಿತು.

ಆ ದೇಶದಲ್ಲಿ ೧೮೩೭ರಲ್ಲಿ ದೊಡ್ಡ ಆರ್ಥಿಕ ವಿಪ್ಲವವು ಸಂಭವಿಸಿ ಅನೇಕ ವರ್ತಕರು ದಿವಾಳಿಯಾದರು. ನ್ಯೂಯಾರ್ಕ್ ಪಟ್ಟಣದ ರೇಷ್ಮೆಯ ವ್ಯಾಪಾರಿಗಳಾದ ಟ್ಯಾಪನ್ ಸಹೋದರರೂ ಆಗ ಪೆಟ್ಟುತಿಂದವರೇ. ದೂರದ ಊರುಗಳಿಂದ ಬಂದು ಕಡದ ಮೇಲೆ ಸರಕು ಒಯ್ಯುವ ಅಂಗಡಿಕಾರರ ಯೋಗ್ಯತೆಯನ್ನು ಅರಿಯುವುದು ಹೇಗೆಂಬ ಚಿಂತೆ ಅವರನ್ನು ಕಾಡುತ್ತಿದ್ದಿತು. ಗುಲಾಮಗಿರಿಯ ವಿರುದ್ಧ ಹೋರಾಡಿ ಹೆಸರಾದ ಲೂಯಿಸ್ ಟ್ಯಾಪನ್ ೧೮೪೧ರಲ್ಲಿ ಮರ್ಕಂಟೈಲ್ ಏಜೆನ್ಸಿ ಎಂಬ ಸಂಸ್ಥೆಯನ್ನು ಸ್ಥಾಪಿಸಿದನು. ಊರೂರಿನ ವಕೀಲರು ಮೊದಲಾದವರು ತಮ್ಮ ಪ್ರದೇಶದ ವರ್ತಕರ ಆಸ್ತಿ, ನಡತೆ, ಚಟಗಳು, ಸಂಸಾರ ಎಲ್ಲವನ್ನೂ ಕುರಿತು ಗುಟ್ಟಾಗಿ ಬರೆದು ಕಳುಹಿಸುತ್ತಿದ್ದರು. ಅದನ್ನು ದಪ್ಪ ದಪ್ಪ ಪುಸ್ತಕಗಳಲ್ಲಿ ಬರೆದಿಟ್ಟು, ಚಂದಾದಾರರು ಕಚೇರಿಗೆ ಬಂದಾಗ ಗುಮಾಸ್ತನು ಓದಿ ಹೇಳುತ್ತಿದ್ದನು. ಅಂತಹ ಎರಡೂವರೆ ಸಾವಿರಕ್ಕೂ ಮೇಲ್ಪಟ್ಟ ಸಂಪುಟಗಳು ಇಂದಿಗೂ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಗ್ರಂಥಭಂಡಾರದಲ್ಲಿವೆ.

ಇಲ್ಲಿ ಆ ವರ್ತಕನಿಗೆ ತನ್ನನ್ನು ಕುರಿತು ಏನು ಬರೆದಿದೆಯೆಂದು ತಿಳಿಯುತ್ತಿರಲಿಲ್ಲ. ಒಹಾಯೋ ಪ್ರಾಂತದ ವರ್ತಕನೊಬ್ಬನು ತನ್ನ ವಿಷಯದಲ್ಲಿ ಸುಳ್ಳು ವರದಿ ಹರಡಿತೆಂದು ಟ್ಯಾಪನ್ನನ ಮೇಲೆ ದಾವೆ ಹೂಡಿದನು. ೧೮೫೧ರಲ್ಲಿ ಜೂರಿಯವರು ಅವನಿಗೆ ೧೦,೦೦೦ ಡಾಲರುಗಳ ಪರಿಹಾರವನ್ನು ಕೊಡಿಸಿದರು. ಆದರೆ ೧೮೭೦ರಲ್ಲಿ ಆ ದೇಶದ ಸುಪ್ರೀಂ ಕೋರ್ಟು ಅದನ್ನು ರದ್ದುಪಡಿಸಿತು. ಸದ್ಭಾವದಿಂದ, ಗುಟ್ಟಾಗಿ, ಕೇಳಿದವನಿಗೆ ಮಾತ್ರ ತಿಳಿಸಿದ ವರದಿಗೆ ಸಂಸ್ಥೆಯು ಬಾಧ್ಯವಲ್ಲವೆಂಬ ನ್ಯಾಯವು ಅಲ್ಲಿಯ ಬಹುತೇಕ ನ್ಯಾಯಾಲಯಗಳಲ್ಲಿ ಕ್ರಮೇಣ ನೆಲೆಗೊಂಡಿತು. ಯಾಜ್ಞವಲ್ಕ್ಯನ ಪ್ರತ್ಯಯಪ್ರತಿಭುವು ಇಲ್ಲಿ ಹೊಸ ವೇಷದಲ್ಲಿ ಬಂದನು. ಆದರೆ ಬರುವಾಗ ತನ್ನ ಬಾಧ್ಯತೆಯನ್ನು ಹಿಂದೆ ಬಿಟ್ಟು ಬಂದನು. ಮುಂದಿನ ಸಮಸ್ತ ತೊಡಕಿಗೂ ಇದೇ ಮೂಲವೆಂದು ನನಗೆ ತೋರುತ್ತದೆ.

ವರ್ತಕರಿಗೆ ಆರಂಭವಾದುದು ಬೇಗನೆ ಗೃಹಸ್ಥರಿಗೂ ವ್ಯಾಪಿಸಿತು. ೧೮೯೯ರಲ್ಲಿ ಅಟ್ಲಾಂಟಾ ಪಟ್ಟಣದಲ್ಲಿ ರಿಟೇಲ್ ಕ್ರೆಡಿಟ್ ಕಂಪನಿ ಹುಟ್ಟಿತು; ಇದೇ ೧೯೭೫ರಲ್ಲಿ ಈಕ್ವಿಫ್ಯಾಕ್ಸ್ ಎಂದು ಹೆಸರು ಬದಲಿಸಿಕೊಂಡಿತು. ಇಂತಹ ಸಂಸ್ಥೆಗಳ ಕಡತಗಳಲ್ಲಿ ಹಣಕಾಸಿನ ಸಂಗತಿಗಳ ಜೊತೆಗೆ ನೆರೆಹೊರೆಯವರ ಮಾತುಗಳೂ, ಕುಡಿತ, ದಾಂಪತ್ಯ ಮೊದಲಾದ ವಿಚಾರಗಳೂ ಸೇರಿಕೊಳ್ಳುತ್ತಿದ್ದವು. ಜನರಲ್ಲಿ ಅಸಮಾಧಾನವು ಬೆಳೆದು, ೧೯೭೦ರಲ್ಲಿ ಅಮೆರಿಕಾದ ಶಾಸನಸಭೆಯು ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಆ್ಯಕ್ಟ್ ಎಂಬ ಕಾಯಿದೆಯನ್ನು ಮಾಡಿತು. ತನ್ನ ಕಡತದಲ್ಲಿರುವುದನ್ನು ತಿಳಿಯುವ ಹಕ್ಕೂ, ತಪ್ಪಿದ್ದರೆ ಆಕ್ಷೇಪಿಸುವ ಹಕ್ಕೂ ಸಾಲಗಾರನಿಗೆ ಆಗ ದೊರೆತವು. ೧೯೭೪ರ ಮತ್ತೊಂದು ಕಾಯಿದೆಯು ಸ್ತ್ರೀಯೆಂಬ ಕಾರಣದಿಂದ ಅಥವಾ ವಿವಾಹಸ್ಥಿತಿಯ ಕಾರಣದಿಂದ ಸಾಲದಲ್ಲಿ ಭೇದ ಮಾಡುವುದನ್ನು ನಿಷೇಧಿಸಿತು. ೧೯೭೬ರಲ್ಲಿ ಜನಾಂಗ, ಮತ, ವಯಸ್ಸು ಮೊದಲಾದವನ್ನೂ ಅದಕ್ಕೆ ಸೇರಿಸಲಾಯಿತು.

ಇಷ್ಟರಲ್ಲಿ ಅಂಕವು ಜನ್ಮತಾಳಿಯಾಗಿತ್ತು. ಬಿಲ್ ಫೇರ್ ಎಂಬ ಎಂಜಿನಿಯರನೂ ಅರ್ಲ್ ಐಸಾಕ್ ಎಂಬ ಗಣಿತಜ್ಞನೂ ೧೯೫೬ರಲ್ಲಿ ತಲಾ ೪೦೦ ಡಾಲರು ಹಾಕಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಸಂಸ್ಥೆಯನ್ನು ತೆರೆದರು. ಹಿಂದಿನ ಸಾಲಗಾರರ ನಡವಳಿಕೆಯನ್ನು ಗಣಿತದಿಂದ ಪರಿಶೀಲಿಸಿ ಮುಂದಿನವರ ನಡವಳಿಕೆಯನ್ನು ಊಹಿಸಬಹುದೆಂಬುದು ಅವರ ವಾದ. ದೇಶದ ೫೦ ದೊಡ್ಡ ಸಾಲಸಂಸ್ಥೆಗಳಿಗೆ ಅವರು ಪತ್ರ ಬರೆಯಲಾಗಿ ಉತ್ತರ ಬಂದುದು ಒಂದೇ ಒಂದರಿಂದ. ಅವರ ಸಂಸ್ಥೆಯ ಹೆಸರಿನ ಮೊದಲಕ್ಷರಗಳಿಂದ ಫೈಕೋ ಎನಿಸಿದ ಸಾರ್ವತ್ರಿಕ ಅಂಕವು ೧೯೮೯ರಲ್ಲಿ ಹೊರಬಂದಿತು. ಅದು ೩೦೦ರಿಂದ ೮೫೦ರ ವರೆಗೆ ಇರುತ್ತದೆ. ನೂರರಲ್ಲಿ ಸುಮಾರು ೩೫ ಪಾಲು ಕಂತುಗಳನ್ನು ಸಕಾಲದಲ್ಲಿ ಕಟ್ಟಿದ್ದಕ್ಕೆ, ೩೦ ಪಾಲು ಈಗಿರುವ ಸಾಲದ ಮೊತ್ತಕ್ಕೆ, ೧೫ ಸಾಲದ ಚರಿತ್ರೆಯ ಉದ್ದಕ್ಕೆ, ಹತ್ತು ಹತ್ತು ಹೊಸ ಸಾಲಗಳಿಗೂ ಸಾಲದ ವೈವಿಧ್ಯಕ್ಕೂ ಸಲ್ಲುತ್ತವೆ. ಸಂಬಳವಾಗಲಿ ಆಸ್ತಿಯಾಗಲಿ ಈ ಗಣನೆಯಲ್ಲಿ ಇಲ್ಲ. ೧೯೯೫ರಲ್ಲಿ, ಗೃಹಸಾಲಗಳನ್ನು ಬ್ಯಾಂಕುಗಳಿಂದ ಕೊಂಡುಕೊಳ್ಳುವ ಫ್ಯಾನಿ ಮೇ ಮತ್ತು ಫ್ರೆಡ್ಡಿ ಮ್ಯಾಕ್ ಎಂಬ ಎರಡು ಬೃಹತ್ ಸಂಸ್ಥೆಗಳು ಈ ಅಂಕವನ್ನು ಬಳಸಬೇಕೆಂದು ಶಿಫಾರಸು ಮಾಡಿದ ಮೇಲೆ ಅದು ಮನೆಮನೆಯ ಮಾತಾಯಿತು. ಇದನ್ನು ಗಮನಿಸಬೇಕು: ಅಂಕಕ್ಕೆ ಪಟ್ಟ ಕಟ್ಟಿದ್ದು ಯಾವ ಶಾಸನವೂ ಅಲ್ಲ, ಸಾಲ ಕೊಡುವವರ ರೂಢಿ.

ಗಣಿತದಿಂದ ಬಂದುದೆಲ್ಲ ಸತ್ಯವೆಂಬ ಭ್ರಮೆಯೊಂದು ಲೋಕದಲ್ಲಿದೆ. ಲೆಕ್ಕವು ಸರಿಯಾಗಿದ್ದರೂ ಲೆಕ್ಕಕ್ಕೆ ಹಾಕಿದ ಸಂಗತಿ ತಪ್ಪಾಗಿದ್ದರೆ ಫಲವೂ ತಪ್ಪೇ. ಅಮೆರಿಕಾದ ಫೆಡರಲ್ ಟ್ರೇಡ್ ಕಮಿಷನ್ನು ೨೦೧೨ರ ತನ್ನ ಅಧ್ಯಯನದಲ್ಲಿ, ಐವರಲ್ಲಿ ಒಬ್ಬರ ಋಣವರದಿಗಳ ಪೈಕಿ ಒಂದರಲ್ಲಾದರೂ ತಪ್ಪಿದ್ದುದನ್ನು ಕಂಡಿತು. ನೂರರಲ್ಲಿ ಐವರ ವಿಷಯದಲ್ಲಿ ಆ ತಪ್ಪು ಹೆಚ್ಚಿನ ಬಡ್ಡಿಗೆ ಕಾರಣವಾಗುವಷ್ಟು ಗಂಭೀರವಾಗಿತ್ತು. ಪರೀಕ್ಷಕನು ಐದು ಉತ್ತರಪತ್ರಿಕೆಗಳಿಗೊಂದರಂತೆ ತಪ್ಪು ಮಾಡಿದರೆ ಅವನನ್ನು ನಾವು ಆ ಕೆಲಸದಲ್ಲಿ ಇರಗೊಡುತ್ತೇವೆಯೆ?

ಸಾಕ್ಷಿಯೋ ತೀರ್ಪೋ ಎಂಬ ನಮ್ಮ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡು ಉತ್ತರಿಸಿದ ಕೀರ್ತಿಯು ಯೂರೋಪಿನ ನ್ಯಾಯಾಲಯಕ್ಕೆ ಸಲ್ಲುತ್ತದೆ. ಜರ್ಮನಿಯಲ್ಲಿ ಷೂಫಾ ಎಂಬ ಸಂಸ್ಥೆಯಿದೆ. ಅದು ೧೯೨೭ರಲ್ಲಿ ಬರ್ಲಿನ್ ನಗರದಲ್ಲಿ, ಕಂತಿನ ಮೇಲೆ ಸಾಮಾನು ಕೊಳ್ಳುವವರ ವಿಶ್ವಾಸಾರ್ಹತೆಯನ್ನು ತಿಳಿಯುವುದಕ್ಕಾಗಿ ಹುಟ್ಟಿದುದು. ಅದು ಕೊಟ್ಟ ಅಂಕದ ಕಾರಣ ಸಾಲ ಸಿಕ್ಕದ ಒಬ್ಬ ವ್ಯಕ್ತಿ, ಅಂಕ ಬಂದ ಬಗೆಯನ್ನು ತಿಳಿಸಬೇಕೆಂದು ಕೇಳಲಾಗಿ, ಸಂಸ್ಥೆಯು ಅದನ್ನು ವ್ಯಾಪಾರದ ಗುಟ್ಟೆಂದು ಹೇಳಿ ಪೂರ್ತಿ ತಿಳಿಸಲಿಲ್ಲ. ತಾನು ಅಂಕವನ್ನು ಮಾತ್ರ ಕೊಡುವೆನು, ನಿರ್ಧಾರವು ಬ್ಯಾಂಕಿನದೆಂಬುದು ಅದರ ನಿಲುವು. ಬ್ಯಾಂಕನ್ನು ಕೇಳಿದರೆ ಅಂಕವು ತಮ್ಮದಲ್ಲವೆನ್ನುತ್ತದೆ. ಇಬ್ಬರ ನಡುವೆ ಸಾಲಗಾರನು ಯಾರನ್ನು ಕೇಳಬೇಕು? ೨೦೨೩ರ ಡಿಸೆಂಬರ್ ೭ರಂದು ಯೂರೋಪಿನ ಒಕ್ಕೂಟದ ನ್ಯಾಯಾಲಯವು ಹೀಗೆ ನಿರ್ಣಯಿಸಿತು: ಸಾಲ ಕೊಡುವವನು ಅಂಕವನ್ನೇ ಬಲವಾಗಿ ಅವಲಂಬಿಸುವುದಾದರೆ, ಅಂಕ ಹಾಕುವ ಕ್ರಿಯೆಯೇ ನಿರ್ಧಾರ, ಕೇವಲ ಯಂತ್ರದಿಂದ ಆಗುವ ಅಂತಹ ನಿರ್ಧಾರಕ್ಕೆ ಕಾನೂನಿನ ಕಟ್ಟುಪಾಡುಗಳೆಲ್ಲವೂ ಅನ್ವಯಿಸುತ್ತವೆ. ೨೦೨೫ರ ಫೆಬ್ರವರಿಯಲ್ಲಿ ಅದೇ ನ್ಯಾಯಾಲಯವು, ಆಸ್ಟ್ರಿಯಾದಲ್ಲಿ ಸಣ್ಣದೊಂದು ಮೊಬೈಲ್ ಕರಾರು ನಿರಾಕರಿಸಲ್ಪಟ್ಟವರ ಮೊಕದ್ದಮೆಯಲ್ಲಿ, ಅಂಕಕ್ಕೆ ಯಾವ ಸಂಗತಿಗಳು ಹೇಗೆ ಬಳಕೆಯಾದವೆಂಬುದನ್ನು ಜನರಿಗೆ ತಿಳಿಯುವಂತೆ ವಿವರಿಸತಕ್ಕದ್ದೆಂದು ಹೇಳಿತು. ಅಂಕವು ಹೆಸರಿಗೆ ಸಾಕ್ಷಿ. ಬಳಕೆಯಲ್ಲಿ ತೀರ್ಪಾದರೆ ತೀರ್ಪಿನ ಹೊಣೆಯನ್ನೂ ಹೊರಬೇಕೆಂಬುದು ಇದರ ಸಾರ.

ಇನ್ನು ನಮ್ಮ ದೇಶಕ್ಕೆ ಬರೋಣ. ೧೯೯೯ರಲ್ಲಿ ಸಿದ್ದೀಕಿ ಸಮಿತಿಯು ಮಾಡಿದ ಶಿಫಾರಸಿನಂತೆ ೨೦೦೦ದಲ್ಲಿ ಸಿಬಿಲ್ ಸಂಸ್ಥೆ ಸ್ಥಾಪನೆಯಾಯಿತು. ೨೦೦೫ರಲ್ಲಿ ಋಣಮಾಹಿತಿ ಸಂಸ್ಥೆಗಳ ನಿಯಂತ್ರಣದ ಕಾಯಿದೆಯು ಅಂಗೀಕೃತವಾಗಿ ಮರುವರ್ಷದ ಕೊನೆಯಲ್ಲಿ ಜಾರಿಗೆ ಬಂದಿತು. ರಿಸರ್ವ್ ಬ್ಯಾಂಕಿನ ಅನುಮತಿ ಪಡೆದ ಇಂತಹ ಸಂಸ್ಥೆಗಳು ಇಂದು ನಾಲ್ಕು ಇದ್ದರೂ, ಮೊದಲನೆಯದರ ಹೆಸರೇ ಜನರ ಬಾಯಲ್ಲಿ ಎಲ್ಲ ಅಂಕಗಳಿಗೂ ನಿಂತುಬಿಟ್ಟಿದೆ. ಅಂಕವು ೩೦೦ರಿಂದ ೯೦೦ರ ವರೆಗೆ. ಬ್ಯಾಂಕಿನ ಠೇವಣಿಯಾಗಲಿ, ಹೊಲಮನೆಯಾಗಲಿ, ಊರಿನಲ್ಲಿರುವ ಮರ್ಯಾದೆಯಾಗಲಿ ಅದಕ್ಕೆ ಕಾಣಿಸುವುದಿಲ್ಲ. ಕಿರಾಣಿ ಅಂಗಡಿಯ ಕಡವನ್ನು ನಲವತ್ತು ವರ್ಷ ತಪ್ಪದೆ ತೀರಿಸಿದವನು, ಕೈಸಾಲವನ್ನು ಹೇಳಿದ ದಿನಕ್ಕೆ ಹಿಂದಿರುಗಿಸಿದವನು, ಬ್ಯಾಂಕಿನ ಸಾಲವನ್ನೇ ಮಾಡದಿದ್ದರೆ ಅವನಿಗೆ ಅಂಕವೇ ಇಲ್ಲ. ಸಾಲವಿಲ್ಲದವನೇ ಸುಖಿಯೆಂದು ಹಿರಿಯರಿಂದ ಕೇಳಿ ಬೆಳೆದ ನಮಗೆ ಇದು ವಿಪರೀತವಾಗಿ ಕಾಣುವುದು ಸಹಜ.

ಹಾಗಾದರೆ ಕಾನೂನಿನ ಪ್ರಕಾರ ಈ ಅಂಕದ ಅಧಿಕಾರವೆಷ್ಟು? ಇಷ್ಟು ಅಂಕವಿಲ್ಲದವನಿಗೆ ಸಾಲ ಕೊಡಕೂಡದೆಂದು ರಿಸರ್ವ್ ಬ್ಯಾಂಕು ಯಾವ ಮಿತಿಯನ್ನೂ ವಿಧಿಸಿಲ್ಲ. ೨೦೨೫ರ ಆಗಸ್ಟಿನಲ್ಲಿ ಹಣಕಾಸಿನ ರಾಜ್ಯಸಚಿವರು ಲೋಕಸಭೆಯಲ್ಲಿ ಇದನ್ನೇ ಸ್ಪಷ್ಟಪಡಿಸಿದರು: ಬ್ಯಾಂಕುಗಳು ತಮ್ಮ ನೀತಿಯಂತೆ ನಿರ್ಧರಿಸತಕ್ಕದ್ದು, ಋಣವರದಿಯು ಪರಿಗಣಿಸಬೇಕಾದ ಸಂಗತಿಗಳಲ್ಲಿ ಒಂದು ಮಾತ್ರ, ಮೊದಲ ಸಲ ಸಾಲ ಕೇಳುವವರ ಅರ್ಜಿಯನ್ನು ಹಿಂದಿನ ಚರಿತ್ರೆಯಿಲ್ಲವೆಂಬ ಒಂದೇ ಕಾರಣದಿಂದ ತಿರಸ್ಕರಿಸಬಾರದು. ೨೦೨೩ರ ಮೇ ತಿಂಗಳಿನಲ್ಲಿ ಕೇರಳದ ಉಚ್ಚ ನ್ಯಾಯಾಲಯವು, ವಿದ್ಯಾರ್ಥಿಯ ಅಂಕ ಕಡಿಮೆಯೆಂಬ ಕಾರಣದಿಂದ ವಿದ್ಯಾಭ್ಯಾಸದ ಸಾಲವನ್ನು ನಿರಾಕರಿಸಲಾಗದೆಂದು ತೀರ್ಮಾನಿಸಿತು. ಆದರೆ ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಸಾಲ ತೀರಿಸಿದ ದಾಖಲೆ ಚೆನ್ನಾಗಿಲ್ಲವೆಂದು ಬ್ಯಾಂಕೊಂದು ತಾನು ಆರಿಸಿದ ಅಧಿಕಾರಿಯ ನೇಮಕವನ್ನೇ ರದ್ದುಪಡಿಸಿದುದನ್ನು ಮದರಾಸಿನ ಉಚ್ಚ ನ್ಯಾಯಾಲಯವು ೨೦೨೫ರಲ್ಲಿ ಎತ್ತಿಹಿಡಿಯಿತು. ಆ ಷರತ್ತು ಪ್ರಕಟಣೆಯಲ್ಲಿಯೇ ಇದ್ದಿತು. ಹೀಗೆ ಸಾಲದ ಚರಿತ್ರೆಯು ಸಾಲದ ಎಲ್ಲೆಯನ್ನು ದಾಟಿ ಉದ್ಯೋಗದ ಬಾಗಿಲಿಗೂ ಬಂದು ನಿಂತಿದೆ.

ಬಾಧ್ಯತೆಯ ವಿಷಯದಲ್ಲಿಯೂ ನಮ್ಮಲ್ಲಿ ಸ್ವಲ್ಪ ಸುಧಾರಣೆಯಾಗಿದೆ. ೨೦೧೭ರಿಂದ ಪ್ರತಿಯೊಂದು ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಅಂಕಸಹಿತ ಉಚಿತವಾಗಿ ಕೊಡಬೇಕಾಗಿದೆ. ತಪ್ಪನ್ನು ತಿದ್ದಬೇಕೆಂದು ದೂರು ಕೊಟ್ಟ ೩೦ ದಿನಗಳೊಳಗೆ ಅದು ಇತ್ಯರ್ಥವಾಗದಿದ್ದರೆ, ದಿನಕ್ಕೆ ೧೦೦ ರೂಪಾಯಿಯಂತೆ ಪರಿಹಾರವನ್ನು ಕೊಡತಕ್ಕದ್ದೆಂದು ರಿಸರ್ವ್ ಬ್ಯಾಂಕು ೨೦೨೩ರ ಅಕ್ಟೋಬರಿನಲ್ಲಿ ವಿಧಿಸಿತು. ೨೦೨೪ರ ಏಪ್ರಿಲಿನಿಂದ ಅದು ಜಾರಿಗೆ ಬಂದಿತು. ತಡವು ಸಾಲ ಕೊಟ್ಟ ಸಂಸ್ಥೆಯದಾದರೆ ಅದೂ, ಮಾಹಿತಿ ಸಂಸ್ಥೆಯದಾದರೆ ಇದೂ ತೆರಬೇಕು. ನೂರು ರೂಪಾಯಿ ದೊಡ್ಡದಲ್ಲ. ಆದರೂ ಒಬ್ಬನ ಯೋಗ್ಯತೆಯನ್ನು ಕುರಿತು ಮಾತನಾಡುವವನು ಆ ಮಾತಿಗೆ ಬೆಲೆ ತೆರಬೇಕೆಂಬ ಹಳೆಯ ಧರ್ಮವು ಇದರಲ್ಲಿ ಮತ್ತೆ ಚಿಗುರುತ್ತಿದೆಯೆಂದು ನಾನು ತಿಳಿಯುತ್ತೇನೆ.

ಇಲ್ಲಿ ವಾಚಕರು ಒಂದು ಆಕ್ಷೇಪವನ್ನು ಎತ್ತಬಹುದು. ಅಂಕವಿಲ್ಲದ ಕಾಲವೇನು ಸುಖದ ಕಾಲವಾಗಿದ್ದಿತೆ? ಅಧಿಕಾರಿಯ ಪರಿಚಯವಿದ್ದವನಿಗೆ ಸಾಲ, ಇಲ್ಲದವನಿಗೆ ಅಲೆದಾಟ. ಜಾತಿಯೂ ಊರೂ ಮನೆತನವೂ ನೋಡಿ ಕೊಡುತ್ತಿದ್ದುದನ್ನು ಕಂಡಿಲ್ಲವೆ? ಯಂತ್ರವು ಕುಲಗೋತ್ರಗಳನ್ನು ಕೇಳುವುದಿಲ್ಲವಷ್ಟೆ! ಈ ಆಕ್ಷೇಪವು ಯುಕ್ತವಾದುದು. ವರ್ಣಕ್ಕನುಸಾರವಾಗಿ ಬಡ್ಡಿಯನ್ನು ಏರಿಸಿದ ಗ್ರಂಥಗಳನ್ನೇ ಓದಿ ಬೆಳೆದ ನಾನು ಇದನ್ನು ಅಲ್ಲಗಳೆಯಲಾರೆನು. ನಡತೆಯಿಂದ ಬರುವ ಅಂಕವು ಹುಟ್ಟಿನಿಂದ ಬರುವ ಅಂಕಕ್ಕಿಂತ ಶ್ರೇಷ್ಠವೇ ಸರಿ. ಸಾಲ ಕೊಡುವವನಿಗೆ ಠೇವಣಿದಾರರ ಹಣವನ್ನು ಕಾಪಾಡುವ ಕರ್ತವ್ಯವೂ ಉಂಟು. ನನ್ನ ತಕರಾರು ಅಂಕದ ಮೇಲಲ್ಲ. ಸಾಕ್ಷಿಯನ್ನು ಕರೆಸಿ ಕೇಳುವ ಶ್ರಮವನ್ನು ಬಿಟ್ಟು, ಸಾಕ್ಷಿಯ ಮಾತನ್ನೇ ತೀರ್ಪೆಂದು ಓದಿ ಹೇಳುವ ಆಲಸ್ಯದ ಮೇಲೆ. ಅಂಕಕ್ಕೆ ಇರುವ ಅಧಿಕಾರದಲ್ಲಿ ಕಾನೂನು ಕೊಟ್ಟುದು ಅಲ್ಪ, ಬ್ಯಾಂಕಿನ ಆಲಸ್ಯ ಕೊಟ್ಟುದು ಹೆಚ್ಚು. ಉಳಿದುದನ್ನು ನಮ್ಮ ಅಂಜಿಕೆಯೇ ಕೊಟ್ಟಿದೆ.

ನನ್ನ ವಿದ್ಯಾರ್ಥಿಗೆ ನಾನು ಹೇಳಿದ್ದಿಷ್ಟೆ: “ಮೊದಲು ನಿನ್ನ ಉತ್ತರಪತ್ರಿಕೆಯನ್ನು ತರಿಸಿ ನೋಡಪ್ಪ.” ಅವನ ಮಗಳೇ ಮನೆಯಲ್ಲಿ ಕುಳಿತು ವರದಿಯನ್ನು ತರಿಸಿದಳು. ಅದರಲ್ಲಿ ಎರಡು ಕಲೆಗಳಿದ್ದವು. ಎಂದೋ ತೀರಿಸಿ ರಸೀತಿ ಪಡೆದಿದ್ದ ದ್ವಿಚಕ್ರವಾಹನದ ಸಾಲವು ಇನ್ನೂ ಬಾಕಿಯಿದೆಯೆಂದು ಒಂದು. ಸೋದರಳಿಯನ ಸಾಲಕ್ಕೆ ಇವನು ಜಾಮೀನು ನಿಂತಿದ್ದು, ಆತನು ಕಂತುಗಳನ್ನು ತಪ್ಪಿಸಿದುದು ಇನ್ನೊಂದು. ಮೊದಲನೆಯದು ದೂರಿನ ಮೇಲೆ ತಿಂಗಳೊಳಗೆ ಅಳಿಸಿಹೋಯಿತು. ಎರಡನೆಯದು ಅಳಿಯಲಿಲ್ಲ, ಅದು ನಿಜವಾದ ಸಂಗತಿಯೇ ಆದುದರಿಂದ ಅಳಿಯಬೇಕಾದುದೂ ಇಲ್ಲ. ನೆಂಟಸ್ತಿಕೆಯ ದಾಕ್ಷಿಣ್ಯಕ್ಕೆ ಸಹಿ ಹಾಕಿದಾಗ ಆ ಸಾಲವು ತನ್ನ ಹೆಸರಿನಲ್ಲಿಯೂ ನಿಲ್ಲುವುದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಮಾತು ಕೊಟ್ಟ ಹೊಣೆಗಾರನು ಹೀಗೆ ತೆತ್ತನು. ಅವನು ಸಾಲ ತೀರಿಸಿಲ್ಲವೆಂದು ವರ್ಷಗಟ್ಟಲೆ ತಪ್ಪಾಗಿ ಸಾರಿದವರು ಏನನ್ನೂ ತೆರಲಿಲ್ಲ.

ಈಗ ಅವನು ಎರಡೂ ಸಂಗತಿಗಳನ್ನು ವಿವರಿಸಿ, ಕೇರಳದ ತೀರ್ಪನ್ನೂ ಉಲ್ಲೇಖಿಸಿ, ಬ್ಯಾಂಕಿನ ಮೇಲಧಿಕಾರಿಗಳಿಗೆ ಮತ್ತೆ ಅರ್ಜಿ ಬರೆದಿದ್ದಾನೆ. ಉತ್ತರವು ಇನ್ನೂ ಬಂದಿಲ್ಲ. ಕಾಲೇಜು ಸೇರುವ ದಿನವು ಸಮೀಪಿಸುತ್ತಿದೆ. ಸಾಲ ಕೊಡಲೇಬೇಕೆಂದು ನಾನು ಹೇಳಲಾರೆನು. ಅರ್ಜಿಯನ್ನು ಮನುಷ್ಯನೊಬ್ಬನು ಓದಿ, ಇಲ್ಲವೆಂದರೂ ಕಾರಣ ಹೇಳಿ ಇಲ್ಲವೆನ್ನಲಿ. ಅಂಕ ಕೊಟ್ಟ ಮೇಲೆ ಉತ್ತರಪತ್ರಿಕೆಯನ್ನು ಹುಡುಗನ ಕೈಗಿಟ್ಟು, ಎಲ್ಲಿ ತಪ್ಪಿದೆಯೆಂದು ತೋರಿಸುವುದನ್ನು ನಾವು ಬಡ ಉಪಾಧ್ಯಾಯರು ಕೂಡ ಕರ್ತವ್ಯವೆಂದು ನಡೆಸಿಕೊಂಡು ಬಂದೆವಲ್ಲವೆ?